ಅಜ್ಜ ತಂದ ಸುಲ್ತಾನನ ಚಿತ್ರ ಅಸಲಿಯೋ ನಕಲಿಯೋ?

ಓದುಗರ ಪ್ರಶ್ನೆ: ನಮ್ಮದು ವಿಜಯಪುರ. ನಮ್ಮಜ್ಜ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಕೊಂಡು ತಂದ ಒಂದು ಚಿತ್ರ ಮನೆಯಲ್ಲಿದೆ. ನೋಟ್‌ಬುಕ್ ಹಾಳೆಗಿಂತ ಸ್ವಲ್ಪ ಚಿಕ್ಕದು. ರಾಜನೊಬ್ಬ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ, ಒಂದೇ ಕಣ್ಣು ಕಾಣುತ್ತದೆ. ಕೈಯಲ್ಲಿ ಗುಲಾಬಿ, ಸೊಂಟದಲ್ಲಿ ಕಠಾರಿ, ತಲೆಯ ಹಿಂದೆ ಬಂಗಾರದ ಪ್ರಭಾವಳಿ. ಮೇಲೆ ಫಾರ್ಸಿ ಲಿಪಿಯಲ್ಲಿ ‘ಇಬ್ರಾಹಿಂ’ ಎಂದಿದೆಯಂತೆ, ಹಿಂಬದಿಯಲ್ಲೂ ತುಂಬಾ ಬರಹ ಇದೆ. ಇದು ನಮ್ಮೂರಿನ ಎರಡನೇ ಇಬ್ರಾಹಿಂ ಆದಿಲ್ ಶಾನದು, ನಾನೂರು ವರ್ಷ ಹಳೆಯದು ಅಂತ ಅಪ್ಪ ಹೇಳುತ್ತಿದ್ದರು. ಈಗ ಮಗ ಇಂಟರ್ನೆಟ್ಟಿನಲ್ಲಿ ಇದೇ ಭಂಗಿಯ ನಾಲ್ಕಾರು ಚಿತ್ರ ತೋರಿಸಿ ಇದು ನಕಲು ಅನ್ನುತ್ತಾನೆ. ಇಬ್ರಾಹಿಂನ ಮುಖವೂ ಒಂದೊಂದರಲ್ಲಿ ಒಂದೊಂದು ಥರ ಇದೆ. ನಮ್ಮ ಚಿತ್ರದ ಕೊರಳಿನ ಮುತ್ತು ಕಪ್ಪಾಗಿದೆ, ಸುತ್ತಲಿನ ಹಸಿರು ಗೆರೆಯ ಗುಂಟ ಕಾಗದ ಸೀಳುತ್ತಿದೆ, ಬಣ್ಣ ಅಲ್ಲಲ್ಲಿ ಉದುರುತ್ತಿದೆ. ಒದ್ದೆ ಹತ್ತಿಯಿಂದ ಒರೆಸಿ ಲ್ಯಾಮಿನೇಟ್ ಮಾಡಿಸಿ ಅಂತ ಒಬ್ಬರು, ಲಂಡನ್ನಿಗೆ ಒಯ್ದು ಮಾರಿಕೊಡುತ್ತೇನೆ ಅಂತ ಮೈದುನ. ನಾನೇನು ಮಾಡಲಿ?

ಉತ್ತರ:

ಮೊದಲು ತುರ್ತಿನ ಮಾತು. ಒರೆಸಬೇಡಿ. ಲ್ಯಾಮಿನೇಟ್ ಮಾಡಿಸಬೇಡಿ. ಮೈದುನನ ಕೈಗೂ ಕೊಡಬೇಡಿ. ಉಳಿದದ್ದಕ್ಕೆ ಆತುರವಿಲ್ಲ.

ನೀವು ಕೇಳಿದ್ದು ಒಂದು ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರಿವೆ. ಇದು ನಿಜವಾಗಿ ಆ ಸುಲ್ತಾನನ ಮುಖವಾ, ಚಿತ್ರ ಎಷ್ಟು ಹಳೆಯದು, ಹಾಳಾಗುತ್ತಿರುವುದನ್ನು ಹೇಗೆ ತಡೆಯುವುದು. ಇಂಥ ಕಾಗದದ ಚಿತ್ರಗಳನ್ನು ದುರಸ್ತಿ ಮಾಡುವುದೇ ನನ್ನ ಕೆಲಸ. ಮನೆಯವರು ಈ ಮೂರನ್ನೂ ಕಲಸಿಬಿಡುವುದನ್ನು ತುಂಬಾ ನೋಡಿದ್ದೇನೆ. ಮುಖ ಹೋಲಲಿಲ್ಲ ಅಂದರೆ ನಕಲಿ, ನಕಲಿ ಅಂದರೆ ಬೆಲೆ ಇಲ್ಲ, ಬೆಲೆ ಇಲ್ಲ ಅಂದರೆ ಒರೆಸಿದರೇನು ಅನ್ನುವ ಲೆಕ್ಕ. ಆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ನಿಮ್ಮ ಮಗ ಹೇಳಿದ್ದರಿಂದ ಶುರು ಮಾಡೋಣ. ಅದೇ ಭಂಗಿ, ಅದೇ ಗುಲಾಬಿ ಬೇರೆ ಕಡೆಯೂ ಇದೆ, ಆದ್ದರಿಂದ ನಕಲು. ಅವನು ನೋಡಿದ್ದು ನಿಜ, ತೀರ್ಮಾನ ಮಾತ್ರ ಅವಸರದ್ದು. ಆಸ್ಥಾನದ ಚಿತ್ರಶಾಲೆಯಲ್ಲಿ ನಕಲು ಮಾಡುವುದು ಕಳ್ಳತನ ಆಗಿರಲಿಲ್ಲ, ಕೆಲಸದ ಕ್ರಮವೇ ಅದಾಗಿತ್ತು. ಒಂದು ಒಳ್ಳೆಯ ಮುಖಚಿತ್ರ ಸಿಕ್ಕಿತು ಅಂದರೆ ಅದರ ಮೇಲೆ ಜಿಂಕೆಯ ತೆಳು ತೊಗಲನ್ನು ಇಟ್ಟು ಗೆರೆ ತೆಗೆಯುತ್ತಿದ್ದರು. ಇದಕ್ಕೆ ‘ಚರ್ಬಾ’ ಅನ್ನುತ್ತಾರೆ. ಆ ಗೆರೆಗಳ ಗುಂಟ ಸೂಜಿಯಿಂದ ಸಣ್ಣ ತೂತು ಚುಚ್ಚಿ, ಹೊಸ ಕಾಗದದ ಮೇಲಿಟ್ಟು, ಇದ್ದಿಲ ಪುಡಿಯ ಗಂಟನ್ನು ತಟ್ಟಿದರೆ ಚುಕ್ಕೆ ಚುಕ್ಕೆಯಾಗಿ ಅದೇ ಮುಖ ಕೆಳಗೆ ಮೂಡುತ್ತದೆ. ಅಪ್ಪ ಮಾಡಿದ ಚರ್ಬಾ ಮಗನಿಗೆ, ಮಗನದು ಮೊಮ್ಮಗನಿಗೆ. ಹಾಗಾಗಿ ಒಂದೇ ರಾಜ ಒಂದೇ ಭಂಗಿಯಲ್ಲಿ ನೂರೈವತ್ತು ವರ್ಷ ಬಿಟ್ಟೂ ಕಾಣಿಸಿಕೊಳ್ಳುತ್ತಾನೆ, ಒಮ್ಮೆ ಬಲಕ್ಕೆ ನೋಡುತ್ತಾ, ತೊಗಲನ್ನು ಮಗುಚಿ ಇಟ್ಟಾಗ ಎಡಕ್ಕೆ ನೋಡುತ್ತಾ.

ರಾಜರೂ ಇದಕ್ಕೆ ಬೇಸರ ಪಡಲಿಲ್ಲ. ಜಹಾಂಗೀರನ ಆಸ್ಥಾನಕ್ಕೆ ಬಂದ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ತನ್ನ ಬಳಿಯಿದ್ದ ಒಂದು ಇಂಗ್ಲಿಷ್ ಮಿನಿಯೇಚರ್, ಅಂದರೆ ಪುಟ್ಟ ಅಳತೆಯ ಚಿತ್ರ, ತೋರಿಸಿದ. ಬಾದಶಹ ಅದರ ಪ್ರತಿಗಳನ್ನು ತನ್ನ ಚಿತ್ರಕಾರರಿಂದ ಬರೆಸಿ, ಎಲ್ಲವನ್ನೂ ಸಾಲಾಗಿ ಇಡಿಸಿ, ನಿನ್ನದು ಯಾವುದು ಹೇಳು ಅಂದ. ದೀಪದ ಬೆಳಕಿನಲ್ಲಿ ರೋ ತನ್ನದನ್ನು ಗುರುತಿಸಲು ಒದ್ದಾಡಿದ. ಜಹಾಂಗೀರನಿಗೆ ಅದೇ ಖುಷಿ.

ಆದ್ದರಿಂದ ‘ಇದು ನಕಲಾ’ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಯಾವಾಗ ಮಾಡಿದ್ದು, ಯಾರಿಗಾಗಿ ಮಾಡಿದ್ದು, ಯಾವ ಸಾಮಾನು ಬಳಸಿ ಮಾಡಿದ್ದು ಅಂತ ಕೇಳಬೇಕು. 1620ರ ಆಸ್ಥಾನದ ಪ್ರತಿ, 1690ರ ಮಾರುಕಟ್ಟೆಯ ಪ್ರತಿ, 1850ರ ಪ್ರತಿ, 1975ರಲ್ಲಿ ಪ್ರವಾಸಿಗರಿಗೆ ಅಂತ ಮಾಡಿದ ಪ್ರತಿ, ನಾಲ್ಕೂ ನಕಲೇ. ನಾಲ್ಕೂ ಒಂದೇ ಅಲ್ಲ.

ಇನ್ನು ಮುಖದ ವಿಷಯ. ರಾಜ ನಿಜವಾಗಿ ಹಾಗಿದ್ದನಾ? ಕೆಲವು ಸಲ ಹೌದು, ಅಚ್ಚರಿ ಪಡುವಷ್ಟು. ಅಕ್ಬರ್ ತಾನೇ ಚಿತ್ರಕಾರರ ಎದುರು ಕುಳಿತ, ತನ್ನ ಸರದಾರರ ಮುಖಗಳನ್ನೂ ಬರೆಸಿ ದೊಡ್ಡ ಆಲ್ಬಮ್ ಮಾಡಿಸಿದ ಅಂತ ಅವನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಬರೆದಿದ್ದಾನೆ. ಮುಂದೆ ಶಹಾಜಹಾನ್ ಆದ ಖುರ್ರಂ ರಾಜಕುಮಾರನ ಒಂದು ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನನ್ನ ಇಪ್ಪತ್ತೈದನೇ ವರ್ಷದ ಚಿತ್ರ, ಚೆನ್ನಾಗಿ ಬಂದಿದೆ ಅಂತ ಅದರ ಮೇಲೆ ಅವನೇ ಬರೆದಿದ್ದಾನೆ. ಬರೆದ ಚಿತ್ರಕಾರ ಅಬುಲ್ ಹಸನ್. ಜಹಾಂಗೀರನಂತೂ ಹೋಲಿಕೆಗಾಗಿ ಬಿಷನ್‌ದಾಸ್ ಎಂಬ ಚಿತ್ರಕಾರನನ್ನು ರಾಯಭಾರಿಗಳ ಜೊತೆ 1613ರಲ್ಲಿ ಇರಾನಿಗೇ ಕಳಿಸಿದ, ಅಲ್ಲಿನ ರಾಜ ಶಾ ಅಬ್ಬಾಸನ ಮುಖ ನೋಡಿ ಬರೆದುಕೊಂಡು ಬಾ ಅಂತ.

ಮುಖ ನಿಜ, ಸಂದರ್ಭ ಮಾತ್ರ ಕಟ್ಟಿದ್ದು. ಇಲ್ಲೇ ಜನ ಎಡವುವುದು. ಜಹಾಂಗೀರ ಆ ಶಾ ಅಬ್ಬಾಸನನ್ನು ಅಪ್ಪಿಕೊಂಡಿರುವ ಪ್ರಸಿದ್ಧ ಚಿತ್ರವಿದೆ, ಇಬ್ಬರ ಕಾಲಡಿಗೆ ಭೂಗೋಳ, ಅದರ ಮೇಲೆ ಜಹಾಂಗೀರನ ಸಿಂಹ, ಪಾಪ ಶಾ ಅಬ್ಬಾಸನಿಗೆ ಸಿಕ್ಕಿದ್ದು ಒಂದು ಕುರಿ. ಇವರಿಬ್ಬರೂ ಜೀವನದಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಇನ್ನೊಂದು ಚಿತ್ರದಲ್ಲಿ ಜಹಾಂಗೀರ ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಅಹಮದ್‌ನಗರದ ಕಡೆಯಿಂದ ಮೊಘಲರನ್ನು ವರ್ಷಗಟ್ಟಲೆ ಕಾಡಿದ ಅಂಬರ್ ಅವರ ಕೈಗೆ ಸಿಗಲೇ ಇಲ್ಲ, 1626ರಲ್ಲಿ ವಯಸ್ಸಾಗಿಯೇ ಸತ್ತ. ರಾಜನ ಚಿತ್ರ ಈಗಿನ ಸರ್ಕಾರಿ ಕಚೇರಿಯ ಗೋಡೆಯ ಮೇಲಿನ ಫೋಟೊ ಇದ್ದ ಹಾಗೆ, ನೋಡಿದವರಿಗೆ ಯಾರು ದೊಡ್ಡವರು ಅಂತ ಗೊತ್ತಾದರೆ ಕೆಲಸ ಮುಗಿಯಿತು.

ನಿಮ್ಮೂರಿನ ಇಬ್ರಾಹಿಂಗೆ ಬರೋಣ. 1580ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು 1627ರವರೆಗೆ ಆಳಿದ. ಸಂಗೀತದ ಹುಚ್ಚು. ತಂಬೂರಿಗೆ ‘ಮೋತಿ ಖಾನ್’ ಅಂತ, ಆನೆಗೆ ‘ಆತಶ್ ಖಾನ್’ ಅಂತ ಹೆಸರಿಟ್ಟವನು, ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ಅವನ ಚಿತ್ರಗಳೂ ಹಾಗೇ ಇವೆ. ಮೊಘಲ್ ಚಿತ್ರಕಾರ ಫರ್ರುಖ್ ಬೇಗ್ ಬರೆದದ್ದು ಎನ್ನುವ ಒಂದರಲ್ಲಿ ಕುಳಿತು ತಂಬೂರಿ ನುಡಿಸುತ್ತಿದ್ದಾನೆ, ಅದು ಈಗ ಪ್ರಾಗ್ ನಗರದಲ್ಲಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಇನ್ನೊಂದರಲ್ಲಿ ಕೈಯಲ್ಲಿ ಚಿಟಿಕೆ ಎಂಬ ತಾಳವಾದ್ಯ ಹಿಡಿದು ನಿಂತಿದ್ದಾನೆ, ದೊಡ್ಡ ಮೈ, ತೆಳು ಬಿಳಿ ಜಾಮಾ, ಮೈ ಸುತ್ತಿದ ಉದ್ದನೆಯ ಶಲ್ಯ, ಹಿಂದೆ ಕತ್ತಲೆಗಟ್ಟಿದ ಗಿಡಮರ. ಇಂಥ ಹೆಸರಾದ ಚಿತ್ರಗಳಲ್ಲಿ ಮುಖ ಮುಕ್ಕಾಲು ತಿರುಗಿದೆ, ಎರಡೂ ಕಣ್ಣು ಕಾಣುತ್ತವೆ. ನೋಡಿದವರಿಗೆ ದರ್ಬಾರಿಗಿಂತ ಕನಸು ನೆನಪಾಗುತ್ತದೆ. ಬಿಜಾಪುರದ ಗುರುತೇ ಅದು.

ನಿಮ್ಮ ಚಿತ್ರದ ವಿವರ ಬೇರೆಯೇ ಹೇಳುತ್ತದೆ. ಒಂದೇ ಕಣ್ಣು ಕಾಣುವ ಮುಖ, ಗುಲಾಬಿ, ಪ್ರಭಾವಳಿ. ಪಕ್ಕದಿಂದಲೇ ಮುಖ ಬರೆಯುವುದು ಜಹಾಂಗೀರ, ಶಹಾಜಹಾನರ ಕಾಲದಲ್ಲಿ ಮೊಘಲ್ ಆಸ್ಥಾನದಲ್ಲಿ ಗಟ್ಟಿಯಾದ ರೂಢಿ, ಆಮೇಲೆ ಎಲ್ಲ ಕಡೆಗೂ ಹಬ್ಬಿತು. ಪ್ರಭಾವಳಿ ಇದ್ದರೆ ಸಂತನೋ ದೇವರೋ ಆಗಿರಬೇಕು ಅಂತ ಕೆಲವರು ತಿಳಿಯುತ್ತಾರೆ. ಹಾಗೇನಿಲ್ಲ. 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಬಂದ ಜೆಸ್ಯೂಟ್ ಪಾದ್ರಿಗಳ ಜೊತೆ ಕ್ರೈಸ್ತ ಚಿತ್ರಗಳು, ಅಚ್ಚಿನ ಪ್ರತಿಗಳು ಬಂದವು. ರಾಜನ ಮೇಲೆ ದೈವದ ಬೆಳಕು ಇರುತ್ತದೆ ಅನ್ನುವ ನಂಬಿಕೆ ಇಲ್ಲಿ ಮೊದಲೇ ಇತ್ತು. ಎರಡೂ ಕೂಡಿಕೊಂಡು ಜಹಾಂಗೀರನ ತಲೆಯ ಹಿಂದೆ ಬಂಗಾರದ ವೃತ್ತ ಬಂತು. ಒಮ್ಮೆ ಬಂದ ಮೇಲೆ ಸಣ್ಣಪುಟ್ಟ ಸಂಸ್ಥಾನಗಳ ರಾಜರೂ ಬಿಡಲಿಲ್ಲ ಬಿಡಿ. ಅದರಿಂದ ಯಾವ ರಾಜ ಅಂತಲೂ ಗೊತ್ತಾಗದು, ಯಾವ ಕಾಲ ಅಂತಲೂ ಗೊತ್ತಾಗದು.

ಮೇಲಿರುವ ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಚಿತ್ರಗಳ ಮೇಲೆ ಹೆಸರು ಬರೆದವರು ಚಿತ್ರಕಾರರಲ್ಲ, ನಂತರದ ಗ್ರಂಥಪಾಲಕರು, ಸಂಗ್ರಹಕಾರರು, ವ್ಯಾಪಾರಿಗಳು. ಹೆಸರಿದ್ದರೆ ಬೆಲೆ ಜಾಸ್ತಿ, ಅಲ್ವಾ? ಇಬ್ರಾಹಿಂ ಅನ್ನುವ ಹೆಸರಿನವರೂ ದಖ್ಖನ್ನಿನಲ್ಲಿ ಒಬ್ಬರೇ ಅಲ್ಲ, ಗೋಲ್ಕೊಂಡದಲ್ಲೂ ಇಬ್ರಾಹಿಂ ಕುತುಬ್ ಶಾ ಇದ್ದ. ಮಸಿ ಬಣ್ಣದ ಬಿರುಕಿನೊಳಗೆ ಇಳಿದಿದೆಯಾ, ಬಿರುಕಿನ ಜೊತೆ ತಾನೂ ಒಡೆದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಬೇಕು. ಬಿರುಕಿನೊಳಗೆ ಹರಿದಿದ್ದರೆ ಹೆಸರು ಆಮೇಲೆ ಬಂದದ್ದು.

ಹಿಂಬದಿಯ ಬರಹ ನೋಡಿ ಜನ ಮೋಸ ಹೋಗುವುದು ಇನ್ನೂ ಜಾಸ್ತಿ. ಹಳೆಯ ಲೆಕ್ಕದ ಪುಸ್ತಕ, ಛಾಪಾ ಕಾಗದ, ಹರಿದ ಹಸ್ತಪ್ರತಿಯ ಹಾಳೆ ತಂದು ಅದರ ಮೇಲೆ ಹೊಸದಾಗಿ ಚಿತ್ರ ಬರೆದು, ಚಹಾ ನೀರು ಬಳಿದು ಮಾರುವುದು ರಾಜಸ್ಥಾನದ ಪ್ರವಾಸಿ ಪೇಟೆಗಳಲ್ಲಿ ಈಗಲೂ ಕಾಣುತ್ತದೆ. ಕಾಗದ ನಿಜವಾಗಿಯೂ ಇನ್ನೂರು ವರ್ಷದ್ದು, ಬಣ್ಣ ನಿನ್ನೆಯದು. ಬರಹವನ್ನು ಓದಿಸಿ. ಜಮೀನಿನ ಲೆಕ್ಕವೋ ಸಾಲದ ಪತ್ರವೋ ಆಗಿದ್ದು ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ಅನುಮಾನ ಪಡಿ. ಆಲ್ಬಮ್ಮಿನ ಹಾಳೆಯಾಗಿದ್ದರೆ ಹಿಂದೆ ಅಂದದ ಕೈಬರಹದ ಪದ್ಯ, ಅದಕ್ಕೂ ಅಂಚಿನ ಅಲಂಕಾರ ಇರುವುದುಂಟು, ಅದು ಬೇರೆ ಮಾತು.

ಹಾಗಾದರೆ ನಿಮ್ಮ ಮನೆಯಲ್ಲಿರುವುದು ಏನಿರಬಹುದು? ಫೋಟೊ ನೋಡಿ ಕಾಲ ಹೇಳುವವರ ಹತ್ತಿರ ಹೋಗಬೇಡಿ, ನಾನೂ ಹೇಳುವುದಿಲ್ಲ. ಆದರೆ ಸಾಧ್ಯತೆ ಹೇಳಬಹುದು. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ಕೈಸೇರಿದವು. ಆ ಹೊತ್ತಿಗಾಗಲೇ ಗೋಲ್ಕೊಂಡದ ಕಡೆ ರಾಜರ, ಸರದಾರರ ಚಿತ್ರಗಳನ್ನು ಸೆಟ್ ಸೆಟ್ಟಾಗಿ ಮಾಡಿ ಯುರೋಪಿಯನ್ನರಿಗೆ ಮಾರುವ ವ್ಯಾಪಾರ ಜೋರಾಗಿತ್ತು. ಶಿವಾಜಿಯ ಅತಿ ಹಳೆಯ ಚಿತ್ರಗಳಲ್ಲಿ ಕೆಲವು ನಮಗೆ ಉಳಿದಿರುವುದೇ ಇಂಥ ಸೆಟ್ಟುಗಳಲ್ಲಿ. ಅದಕ್ಕೂ ಮುಂಚೆಯೇ ಮೊಘಲ್ ಚಿತ್ರಗಳು ಡಚ್ಚರ ಊರು ತಲುಪಿದ್ದವು, ಅಲ್ಲಿನ ಪ್ರಸಿದ್ಧ ಚಿತ್ರಕಾರ ರೆಂಬ್ರಾಂಟ್ ಕೂತು ಅವನ್ನು ನೋಡಿ ಗೆರೆಚಿತ್ರ ಮಾಡಿಕೊಂಡಿದ್ದಾನೆ. ಇಂಥ ಸೆಟ್ಟಿನಲ್ಲಿ ರಾಜ ಯಾರೇ ಇರಲಿ, ಪಕ್ಕಕ್ಕೆ ತಿರುಗಿ ಹೂವೋ ಕತ್ತಿಯೋ ಹಿಡಿದು ನಿಂತಿರುತ್ತಾನೆ. ಹೈದರಾಬಾದಿನಲ್ಲಿ ಆ ಮಾದರಿ ಆಮೇಲೂ ನಡೆದುಬಂತು. ನಿಮ್ಮಜ್ಜ ಅಲ್ಲಿಂದ ತಂದಿದ್ದರಿಂದ ಈ ಕಡೆಗೆ ನನ್ನ ಒಲವು, ಕಾಲ ಮಾತ್ರ ಮುನ್ನೂರು ವರ್ಷವೂ ಇರಬಹುದು, ನೂರೂ ಇರಬಹುದು, ಐವತ್ತೂ ಇರಬಹುದು.

ಸತ್ತ ರಾಜನ ಚಿತ್ರವನ್ನು ಹಳೆಯ ಪ್ರತಿ ನೋಡಿ ಬರೆಯುವುದು ಬಿಜಾಪುರದ ಆಸ್ಥಾನದಲ್ಲೇ ಇತ್ತು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕೊನೆಯ ಸುಲ್ತಾನ ಸಿಕಂದರನ ಕಾಲದಲ್ಲಿ, 1680ರ ಸುಮಾರಿಗೆ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು ಆದಿಲ್ ಶಾಹಿ ವಂಶದ ಸುಲ್ತಾನರನ್ನೆಲ್ಲ ಒಟ್ಟಿಗೆ ಕೂರಿಸಿ ಬರೆದರು. ಮೊದಲಿನ ಯೂಸುಫನಿಂದ ಹುಡುಗ ಸಿಕಂದರನವರೆಗೆ ಎಲ್ಲರೂ ಒಂದೇ ಚಿತ್ರದಲ್ಲಿ. ಇಬ್ರಾಹಿಂ ತೀರಿಕೊಂಡು ಐವತ್ತು ವರ್ಷ ಕಳೆದಿತ್ತು. ಅವನ ಮುಖವನ್ನು ಅವರು ಎಲ್ಲಿಂದ ತಂದರು? ಹಳೆಯ ಚಿತ್ರಗಳಿಂದಲೇ ತರಬೇಕು. ಮೊಘಲರು ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ ವಂಶದ ಗೌರವ ಇಷ್ಟು ದೊಡ್ಡದು ಅಂತ ತೋರಿಸಲು ಮಾಡಿದ ಚಿತ್ರ ಅದು. ಆ ಇಬ್ರಾಹಿಂನನ್ನು ನಕಲಿ ಅನ್ನೋಣವಾ? ಅದಕ್ಕೇ ನಿಮ್ಮ ಮಗ ನೋಡಿದ ಚಿತ್ರಗಳಲ್ಲಿ ಮುಖ ಒಂದೊಂದು ಥರ ಇದ್ದರೆ ಗಾಬರಿ ಬೇಡ. ಎದುರು ಕೂರಿಸಿ ಬರೆದದ್ದು ಕೆಲವು, ಪ್ರತಿಯ ಪ್ರತಿ ಕೆಲವು, ಸುಮ್ನೆ ಹೆಸರಿಟ್ಟದ್ದು ಇನ್ನು ಕೆಲವು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದರಿಂದ ಅಪಾಯವಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೊಂಡು, ಗಾಜಿನ ಮೇಲಿಂದಲೇ, ಕೆನ್ನೆಯ ಭಾಗ ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳ ಜಾಲರಿ ಕಂಡರೆ ಅದು ಅಚ್ಚು, ಅಲ್ಲಿಗೆ ಮುಗಿಯಿತು. ಕೈಯಲ್ಲಿ ಬರೆದದ್ದಾದರೆ ಗಡ್ಡದ ಹತ್ತಿರ ನೋಡಿ. ಒಳ್ಳೆಯ ಕೈ ಇದ್ದರೆ ಒಂದೊಂದು ಕೂದಲೂ ಅಳಿಲಿನ ಬಾಲದ ಕೂದಲಿನ ಕುಂಚದಿಂದ ಬೇರೆಬೇರೆಯಾಗಿ ಎಳೆದಿರುತ್ತದೆ, ಕಿವಿಯ ಮುಂದೆ ಗಡ್ಡ ಶುರುವಾಗುವ ಕಡೆ ಬರೀ ಮಸುಕಾದ ಬೂದು ಚುಕ್ಕೆ, ಗಲ್ಲಕ್ಕೆ ಬಂದಂತೆ ದಟ್ಟ. ಅವಸರದ ಕೆಲಸದಲ್ಲಿ ಗಡ್ಡ ಒಂದು ಕಪ್ಪು ತೇಪೆ. ಮುತ್ತುಗಳನ್ನೂ ನೋಡಿ. ಹಳೆಯ ಕೆಲಸದಲ್ಲಿ ದಪ್ಪ ಬಿಳಿಯ ಹನಿ ಇಟ್ಟಿರುವುದರಿಂದ ಅವು ಕಾಗದದಿಂದ ಉಬ್ಬಿ ನಿಂತಿರುತ್ತವೆ.

ಮುಂದಿನ ಪರೀಕ್ಷೆ ತಿಳಿದವರೇ ಮಾಡಬೇಕು. ಬಣ್ಣಗಳಿಗೆ ಹುಟ್ಟಿದ ವರ್ಷ ಇದೆ, ಅದೇ ನಮಗೆ ಅನುಕೂಲ. ಕಾರ್ಖಾನೆಯಲ್ಲಿ ಮಾಡಿದ ಅಲ್ಟ್ರಾಮರೀನ್ ನೀಲಿ 1820ರ ದಶಕದ ಕೊನೆಗೆ ಬಂತು, ಅದಕ್ಕೂ ಮೊದಲು ಆ ನೀಲಿ ಅಫ್ಘಾನಿಸ್ತಾನದ ಕಡೆಯ ಬದಖ್ಶಾನಿನ ಲಾಜವರ್ದ ಎಂಬ ನೀಲಿ ಕಲ್ಲಿನಿಂದ ಬರಬೇಕಿತ್ತು. ಸತುವಿನ ಬಿಳಿ ಜಲವರ್ಣಕ್ಕೆ ಬಂದದ್ದು 1830ರ ದಶಕದಲ್ಲಿ, ಟೈಟಾನಿಯಂ ಬಿಳಿ ಇಪ್ಪತ್ತನೇ ಶತಮಾನದ್ದು. ಎಕ್ಸ್‌ರೇ ಹಾಯಿಸಿ ಬಣ್ಣದೊಳಗಿನ ಲೋಹ ಹೇಳುವ ಸಣ್ಣ ಯಂತ್ರಗಳಿವೆ, ಚಿತ್ರವನ್ನು ಮುಟ್ಟುವುದೂ ಇಲ್ಲ. ಮೂಲ ಬಣ್ಣದಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು ಅಂದರೆ ಆದಿಲ್ ಶಾನ ಮಾತು ಬಿಡಬೇಕು. ಸಿಗಲಿಲ್ಲ ಅಂದ ಮಾತ್ರಕ್ಕೆ ಹಳೆಯದು ಅಂತ ಸಾಬೀತಾಗುವುದಿಲ್ಲ, ಅದನ್ನೂ ನೆನಪಿಡಿ, ಯಾಕೆಂದರೆ ಹಳೆಯ ಬಣ್ಣಗಳನ್ನೇ ಅರೆದು ಕೆಲಸ ಮಾಡುವವರು ಈಗಲೂ ಇದ್ದಾರೆ.

ಹಾಳಾಗುತ್ತಿರುವುದು ಯಾಕೆ ಅಂತ ಹೇಳುತ್ತೇನೆ. ಕಪ್ಪಾದ ಮುತ್ತು ಬಹುತೇಕ ಸೀಸದ ಬಿಳಿ. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಅದು ಕಪ್ಪಾಗುತ್ತದೆ. ಕೊಳೆಯಲ್ಲ, ಬಣ್ಣವೇ ಬದಲಾಗಿರುವುದು, ಹಾಗಾಗಿ ಒರೆಸಿದರೆ ಕಪ್ಪು ಹೋಗುವುದಿಲ್ಲ, ಮುತ್ತೇ ಹೋಗುತ್ತದೆ. ಇಲ್ಲಿ ಬಣ್ಣವನ್ನು ಹಿಡಿದಿಟ್ಟಿರುವುದು ನೀರಿನಲ್ಲಿ ಕರಗುವ ಗೋಂದು. ಒದ್ದೆ ಹತ್ತಿ ತಾಗಿದ ಕ್ಷಣ ಬಂಗಾರ, ಕೆಂಪು ಎಲ್ಲ ಹತ್ತಿಗೆ ಬರುತ್ತವೆ. ಮುಖದ ಮೇಲಿನ ಛಾಯೆ ಎಲ್ಲಕ್ಕಿಂತ ತೆಳು, ಮೊದಲು ಹೋಗುವುದು ಅದೇ.

ಹಸಿರು ಗೆರೆಯದು ಇನ್ನೂ ಗಂಭೀರ. ಅದು ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಇರಬೇಕು. ತೇವ ಸಿಕ್ಕಾಗಲೆಲ್ಲ ಕಾಗದವನ್ನು ತಿನ್ನುತ್ತದೆ. ಮೊದಲು ಹಿಂಬದಿಯಲ್ಲಿ ಕಂದು ಗೆರೆ ಮೂಡುತ್ತದೆ, ಆಮೇಲೆ ಅಲ್ಲೇ ಬಿರುಕು, ಕೊನೆಗೆ ಚಿತ್ರ ತನ್ನ ಅಂಚಿನಿಂದ ಕಿಟಕಿ ಕಳಚಿದಂತೆ ಬಿಟ್ಟುಕೊಳ್ಳುತ್ತದೆ. ಬಣ್ಣ ಉದುರುವುದಕ್ಕೆ ಕಾರಣ ಕಾಗದದ ಓಡಾಟ. ಹಲವು ಹಾಳೆ ಅಂಟಿಸಿ, ನುಣುಪಾದ ಅಗೇಟ್ ಕಲ್ಲಿನಿಂದ ಉಜ್ಜಿ ಮಾಡಿದ ಕಾಗದ ಅದು. ನಿಮ್ಮೂರಿನ ಬೇಸಿಗೆಯಲ್ಲಿ ಒಣಗಿ ಸೆಟೆಯುತ್ತದೆ, ಮಳೆಗಾಲದಲ್ಲಿ ಸಡಿಲ ಬೀಳುತ್ತದೆ. ಮೇಲಿನ ಬಣ್ಣಕ್ಕೆ ಅಷ್ಟು ಬಾಗುವ ಶಕ್ತಿ ಇರುವುದಿಲ್ಲ.

ಇನ್ನು ಲ್ಯಾಮಿನೇಷನ್. ಬಿಸಿ ಮಾಡಿದ ಪ್ಲಾಸ್ಟಿಕ್ಕು ಬಣ್ಣದ ಪದರಕ್ಕೇ ಅಂಟುತ್ತದೆ. ಹಾಗೆ ಮಾಡಿಸಿದ ಚಿತ್ರವೊಂದನ್ನು ಬಿಡಿಸಿಕೊಡಿ ಅಂತ ತಂದವರಿಗೆ ನಾನು ಕೈಮುಗಿದು ವಾಪಸ್ ಕಳಿಸಿದ್ದೇನೆ. ಪ್ಲಾಸ್ಟಿಕ್ ಎಳೆದರೆ ರಾಜ ಅದರ ಜೊತೆ ಬರುತ್ತಾನೆ, ಬಿಟ್ಟರೆ ಅದರೊಳಗೇ ಇರುತ್ತಾನೆ.

ಈಗ ನಿಮ್ಮ ಮುಂದಿರುವ ದಾರಿಗಳು. ಏನೂ ಮಾಡದೆ ಜೋಪಾನ ಮಾಡುವುದೂ ಒಂದು ದಾರಿ, ಖರ್ಚು ಕಡಿಮೆ. ಬಿಸಿಲು ಬೀಳದ ಒಳಗೋಡೆಗೆ ಹಾಕಿ, ಅಡುಗೆಮನೆ, ಬಚ್ಚಲಿಗೆ ತಾಗಿದ ಗೋಡೆ ಬೇಡ. ಇದರ ತೊಂದರೆ ಏನೆಂದರೆ ಹಸಿರು ಗೆರೆಯ ಸೀಳು ತಾನಾಗಿ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ಚಿತ್ರಕ್ಕೆ ಒಮ್ಮೆಯಾದರೂ ಸಂರಕ್ಷಕರ ಕೈ ಬೇಕು. ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯವಿದೆ. ಏಳುತ್ತಿರುವ ಬಣ್ಣವನ್ನು ತೆಳು ಅಂಟಿನಿಂದ ಕೂರಿಸುವುದು, ಸೀಳಿಗೆ ಹಿಂದಿನಿಂದ ಜಪಾನಿ ಕಾಗದದ ಪಟ್ಟಿ ಕೊಡುವುದು, ಆಮ್ಲವಿಲ್ಲದ ಹಲಗೆಯಲ್ಲಿ ಗಾಜು ತಾಗದ ಹಾಗೆ ಫ್ರೇಮ್ ಮಾಡುವುದು, ಇಷ್ಟು ಸಾಕು. ಹೊಸ ಬಣ್ಣ ತುಂಬಿ ಮೊದಲಿನಂತೆ ಮಾಡಿಕೊಡುತ್ತೇನೆ ಅನ್ನುವವರಿದ್ದರೆ ಎದ್ದು ಬನ್ನಿ. ಕಪ್ಪು ಮುತ್ತನ್ನು ಬಿಳಿ ಮಾಡುವ ರಾಸಾಯನಿಕ ವಿಧಾನ ಇದೆ, ಆದರೆ ಪಕ್ಕದ ಬಣ್ಣಕ್ಕೆ, ಕಾಗದಕ್ಕೆ ಪೆಟ್ಟಾಗುವ ಅಪಾಯವೂ ಇದೆ. ನನ್ನನ್ನು ಕೇಳಿದರೆ ಕಪ್ಪಾಗಿಯೇ ಇರಲಿ.

ಮಾರುವ ಮಾತು. ನೂರು ವರ್ಷ ದಾಟಿದ ಚಿತ್ರ ನಮ್ಮ ಕಾನೂನಿನ ಲೆಕ್ಕದಲ್ಲಿ ಪುರಾತನ ವಸ್ತು. 1972ರ ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತೆಯೇ ಇಲ್ಲ, ಮಾರಲಿಕ್ಕಲ್ಲ, ಉಡುಗೊರೆ ಅಂದರೂ ಇಲ್ಲ. ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೆಯದಲ್ಲ ಅಂತ ನಿಮಗನ್ನಿಸಿದರೂ ಪುರಾತತ್ವ ಇಲಾಖೆಯಿಂದ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದೇ ಒಯ್ಯಬೇಕು. ಇದನ್ನು ಮೈದುನನಿಗೆ ತೋರಿಸಿ. ದೇಶದೊಳಗೆ ಮಾರಬಹುದು, ಆದರೆ ಕೊಳ್ಳುವ ವ್ಯಾಪಾರಿಗೆ ಪರವಾನಗಿ ಇರಬೇಕು, ಚಿತ್ರವನ್ನು ಮೊದಲೇ ನೋಂದಾಯಿಸಿರಬೇಕು, ಕೈ ಬದಲಾದಾಗ ತಿಳಿಸಬೇಕು. ಕಾಗದದ ಮೇಲಿನ ಚಿತ್ರಗಳೂ, ಮಿನಿಯೇಚರ್‌ಗಳೂ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ. ನೋಂದಾಯಿಸಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಅನ್ನುವ ಭಯ ತುಂಬಾ ಮನೆಗಳಲ್ಲಿದೆ. ಬರೀ ನೋಂದಣಿಯಿಂದ ಒಡೆತನ ಹೋಗುವುದಿಲ್ಲ, ಚಿತ್ರ ನಿಮ್ಮ ಮನೆಯಲ್ಲೇ ಇರುತ್ತದೆ. ಕಳುವಾದರೆ ನಿಮ್ಮದು ಅಂತ ಹೇಳಲು ದಾಖಲೆಯೂ ಸಿಗುತ್ತದೆ. ಮೊದಲು ಕಾಲ ಗೊತ್ತುಮಾಡಿಕೊಳ್ಳಿ, ಬೆಲೆಯ ಮಾತು ಅದರ ನಂತರ. ಹೆಸರು ನೋಡಿಯೇ ದೊಡ್ಡ ಮೊತ್ತ ಹೇಳುವವರು ಮುಂದೆ ಅದೇ ಹೆಸರನ್ನು ಅಲ್ಲಗಳೆದು ಚೌಕಾಸಿ ಮಾಡುತ್ತಾರೆ.

ಸಂರಕ್ಷಕರ ಹತ್ತಿರ ಒಯ್ಯುವಾಗ ಫ್ರೇಮ್ ನೀವೇ ಬಿಚ್ಚಬೇಡಿ, ಬಣ್ಣ ಗಾಜಿಗೆ ಅಂಟಿರಬಹುದು. ಸುರುಳಿ ಸುತ್ತುವ ಮಾತೇ ಬೇಡ. ಇದ್ದ ಹಾಗೆ ಮಲಗಿಸಿ, ಮುಖ ಮೇಲಿರಲಿ, ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಹೊರಡುವ ಮೊದಲು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಮುಂದೆ ಹಿಂದೆ ಎರಡೂ ಕಡೆಯ ಫೋಟೊ ತೆಗೆದಿಡಿ. ಅಜ್ಜ ಯಾವಾಗ, ಯಾರಿಂದ ಕೊಂಡರು ಅಂತ ಮನೆಯ ಹಿರಿಯರಿಗೆ ನೆನಪಿದ್ದಷ್ಟನ್ನು ಬರೆದುಕೊಳ್ಳಿ, ಹಳೆಯ ರಸೀದಿಯೋ ಪತ್ರವೋ ಇದ್ದರೆ ಅದನ್ನೂ ಜೊತೆಗಿಡಿ. ಚಿತ್ರದ ಕಾಲ ಗೊತ್ತುಮಾಡುವಾಗ ಆ ಚೀಟಿ ಮೇಲಿನ ಹೆಸರಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.